ಸದ್ಯಕ್ಕೆ ಅವರ ಹೆಸರಿಗೇ ಇರಲಿ

ಅಕ್ಕ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಅದು ಒಮ್ಮೆ ಕೆಮ್ಮಿತು, ತುಕ್ಕಿನ ಬಣ್ಣದ ನಾಲ್ಕು ಹನಿಗಳನ್ನು ಬಕೆಟ್ಟಿನೊಳಕ್ಕೆ ಉಗುಳಿತು, ಆಮೇಲೆ ಬರೀ ಗಾಳಿ ಬಿಡತೊಡಗಿತು.

"ರಾತ್ರಿಯಿಂದ ಹೀಗೇ ಅಕ್ಕ," ಎಂದಳು ಬಚ್ಚಲ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ. ಅತ್ತೂ ಅತ್ತೂ ಅವಳ ದನಿ ಒಡೆದಿತ್ತು. "ದೊಡ್ಡ ರಸ್ತೆಯ ಪೈಪು ಒಡೆದಿದೆಯಂತೆ. ಡ್ರಮ್ಮಲ್ಲಿ ಇದ್ದದ್ದನ್ನ ಬಂದವರೆಲ್ಲ ಕೈಕಾಲು ತೊಳೆದು ಖಾಲಿ ಮಾಡಿದ್ರು."

"ಮನೇಲಿ ಸಾವಾಗಿದೆ, ಒಂದು ಬಕೆಟ್ ತೆಗೆದಿಡಬೇಕು ಅಂತ ಹೊಳೀಲಿಲ್ವಾ ನಿನಗೆ?" ಎಂದು ರೇಗಿದ ಅಕ್ಕ, ಮಾತು ಬಾಯಿಂದ ಬಿದ್ದ ಕೂಡಲೇ ನಾಲಗೆ ಕಚ್ಚಿಕೊಂಡಳು. ಗಂಡನನ್ನು ಕಳೆದುಕೊಂಡವಳಿಗೆ ಬಕೆಟ್ಟಿನ ಯೋಚನೆ ಎಲ್ಲಿಂದ ಬರಬೇಕು? ನಾದಿನಿಯ ಬೆನ್ನು ಸವರಿ, ಖಾಲಿ ಬಕೆಟ್ಟನ್ನು ಅಲ್ಲೇ ಬಿಟ್ಟು ಮುಂದಿನ ಕೋಣೆಗೆ ಬಂದಳು.

ತಮ್ಮ ಅಲ್ಲಿ ಚಾಪೆಯ ಮೇಲೆ ಮಲಗಿದ್ದ. ಹಿಂದಿನ ಮಧ್ಯಾಹ್ನ ಕಚೇರಿಯ ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಿರಲಿಲ್ಲ. ಮೈಮೇಲೆ ಇನ್ನೂ ಅದೇ ಅಂಗಿ, ಜೇಬಿನ ತುದಿಯಲ್ಲಿ ಅದೇ ಶಾಯಿಯ ಕಲೆ. ತಾಯಿ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಹುಟ್ಟಿದ ಕೂಸು ಇವನು. ಮೊದಲ ಸ್ನಾನ ಸೂಲಗಿತ್ತಿಯದಾದರೆ, ಎರಡನೆಯದರಿಂದ ಮುಂದೆ ಎಲ್ಲವೂ ಅಕ್ಕನ ಕೈಯದು. ಕೊನೆಯದೂ ತನ್ನ ಕೈಯದೇ ಆಗಬೇಕೆಂದು ಅವಳು ಬೆಳಗಿನಿಂದ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾಳೆ. ಜೀವಮಾನವೆಲ್ಲ ಊರಿನ ನೀರಿನ ಕಚೇರಿಯಲ್ಲಿ ತೇದವನಿಗೆ ಮೈಮೇಲೆ ಎರೆಯಲು ಒಂದು ಚೊಂಬು ನೀರಿಲ್ಲ. ಕತ್ತಲಾಗುವುದರೊಳಗೆ ಸ್ಮಶಾನದ ಗೇಟು ಮುಚ್ಚುತ್ತಾರೆ.

ಎದುರುಮನೆಯ ದರ್ಜಿ ಒಂದು ಬಾಟಲಿ ನೀರು ಹಿಡಿದು ಬಂದ. "ಅಂಗಡೀಲಿ ಇದೊಂದೇ ಇತ್ತು ಅಕ್ಕಾ. ಟ್ಯಾಂಕರು ಆಸ್ಪತ್ರೆಗೆ ಮಾತ್ರ ಅಂತೆ. ರಾತ್ರಿಯೆಲ್ಲ ಶಾಲೆ ಹತ್ರ ಅಗೆದಿದ್ದಾರೆ, ವಾಲ್ವೇ ಸಿಕ್ಕಿಲ್ಲ. ಈಗ ಶಾಲೆ ಮುಂದೆ ಒಂದು ಕೆರೆಯಾಗೋವಷ್ಟು ಗುಂಡಿ."

"ಕೆರೆಗೂ ನೀರು ಬೇಕಲ್ಲಪ್ಪ," ಎಂದಳು ಅಕ್ಕ.

ಆಗಲೇ ಕಚೇರಿಯವರು ಮೂವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮುಂದೆ ಹೂವಿನ ಚಕ್ರ ಹಿಡಿದ ಮೇನೇಜರು, ದುಂಡನೆಯ ಮನುಷ್ಯ. ಅವರ ಮೊಬೈಲು ಅಂಗೈಯಲ್ಲಿ ಕಪ್ಪೆಯ ಹಾಗೆ ಎಗರುತ್ತಿತ್ತು. ಹಿಂದೆ ಕಂಪ್ಯೂಟರ್ ನೋಡಿಕೊಳ್ಳುವ ಹೆಂಗಸು. ಕಚೇರಿಯಲ್ಲಿ ಅವಳನ್ನು ಎಲ್ಲರೂ ಸಿಸ್ಟಮ್ ಮೇಡಮ್ ಎನ್ನುತ್ತಿದ್ದರು. ಕೊನೆಯಲ್ಲಿ ಸಿಬ್ಬಂದಿ ವಿಭಾಗದ ಗುಮಾಸ್ತ, ಸಣಕಲು ಮೈ, ಕೆಂಪಗಾದ ಕಣ್ಣು. ಹಿಡಿದ ಕೆಲಸ ಮುಗಿಸದೆ ಊಟಕ್ಕೂ ಏಳದ ಅವನಿಗೆ ಪೂರ್ಣವಿರಾಮ ಎಂದು ಅಡ್ಡಹೆಸರು. ತಮ್ಮನಿಗೂ ಅಲ್ಲಿ ಒಂದು ಅಡ್ಡಹೆಸರಿತ್ತು: ಗೋಡೌನ್. ಮೊದಲ ಸಲ ಅದನ್ನು ಕೇಳಿದ ದಿನ ಅಕ್ಕ ಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದ್ದಳು.

ಮೇನೇಜರು ಚಕ್ರವನ್ನು ಹೆಣದ ಕಾಲ ಬಳಿ ಇಟ್ಟು ಕೈಮುಗಿದರು. "ಬಹಳ ಒಳ್ಳೆ ಮನುಷ್ಯ ಅಮ್ಮಾ. ಯಾವತ್ತೂ ಯಾರಿಗೂ ಆಗಲ್ಲ ಅಂದವರಲ್ಲ."

"ಅದೇ ಅವನಿಗಿದ್ದ ಕಾಯಿಲೆ," ಎಂದಳು ಅಕ್ಕ. "ನೀರು ಯಾವಾಗ ಬರುತ್ತೆ?"

ಮೇನೇಜರು ಮೇಡಮ್ ಮುಖ ನೋಡಿದರು. ಮೇಡಮ್ ಗುಮಾಸ್ತನ ಮುಖ ನೋಡಿದಳು. ಗುಮಾಸ್ತ ನೆಲ ನೋಡಿದ.

"ಅದನ್ನೇ ಹೇಳೋಣ ಅಂತ..." ಎಂದು ಶುರುಮಾಡಿದ ಮೇನೇಜರು ಪಕ್ಕಕ್ಕೆ ಸರಿದರು. "ನೀವೇ ಹೇಳಿ ಮೇಡಮ್."

ಸಿಸ್ಟಮ್ ಮೇಡಮ್ ಚಾಪೆಯ ಅಂಚಿನಲ್ಲಿ ಕೂತಳು. "ಅಮ್ಮಾ, ಮುಖ್ಯ ಪೈಪಿನ ವಾಲ್ವು ಎಲ್ಲಿದೆ ಅಂತ ನಕ್ಷೆ ನೋಡಬೇಕು. ನಕ್ಷೆಗಳೆಲ್ಲ ಈಗ ಸಿಸ್ಟಮ್ಮಲ್ಲಿವೆ. ಹೊಸ ಸಿಸ್ಟಮ್ಮಲ್ಲಿ ಪ್ರತಿಯೊಂದು ಫೈಲಿಗೂ ಒಬ್ಬ ಓನರ್ ಇರಬೇಕು. ಆ ಓನರ್ ಕೆಲಸ ಬಿಟ್ರೆ, ಅಥವಾ... ಹೋಗಿಬಿಟ್ರೆ, ಅವರ ಹೆಸರಲ್ಲಿ ಇರೋದೆಲ್ಲ ತಾನಾಗೇ ಬೀಗ ಹಾಕ್ಕೊಳ್ಳುತ್ತೆ. ಕಳ್ಳತನ ಆಗಬಾರದು ಅಂತ."

"ನಿಯಮ ಇದೆ ಅಮ್ಮಾ," ಎಂದ ಗುಮಾಸ್ತ, ಯಾರೂ ಕೇಳದಿದ್ದರೂ. "ತೀರಿಕೊಂಡವರ ವಿಷಯ ತಡಮಾಡದೆ ಸಿಸ್ಟಮ್ಮಿಗೆ ಹತ್ತಿಸಬೇಕು. ಬೆಳಗ್ಗೆ ಹೋಗಿ ಅಳ್ತಾ ಅಳ್ತಾನೇ ಹತ್ತಿಸಿದೆ."

"ಇವರು ಹತ್ತಿಸಿದ್ರು, ಅದು ಮುಚ್ಕೊಂಡ್ತು," ಎಂದರು ಮೇನೇಜರು ಹಲ್ಲು ಕಚ್ಚಿ.

ಅಕ್ಕನಿಗೆ ತಲೆ ಚಿಟ್ಟುಹಿಡಿಯಿತು. "ಒಂದು ಪೈಪಿನ ನಕ್ಷೆ ತಾನೆ? ನಿಮ್ಮಲ್ಲಿ ಇನ್ಯಾರ ಹತ್ರನೂ ಇಲ್ವಾ?"

"ಎಲ್ಲಾ ಅವರ ಹೆಸರಲ್ಲೇ ಇದೆ ಅಮ್ಮಾ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ," ಎಂದಳು ಮೇಡಮ್.

*

ತಮ್ಮ ಆ ಕಚೇರಿಗೆ ಸೇರಿದಾಗ ಅವನಿಗೆ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ನೆಲಮಾಳಿಗೆಯಲ್ಲಿ ನಕ್ಷೆಗಳ ಕೋಣೆ. ಬಟ್ಟೆಯಂಗಡಿಯ ಥಾನುಗಳಂತೆ ಸುರುಳಿ ಸುತ್ತಿದ ನಕ್ಷೆಗಳು ಮಾಡಿನವರೆಗೂ ಒಟ್ಟಿದ್ದವು. ಎಂಜಿನಿಯರುಗಳು ಕೇಳಿದ್ದನ್ನು ಮೇಲಕ್ಕೆ ಒಯ್ಯುವುದು, ಅವರು ಮೇಜಿನ ಮೇಲೆ ಬಿಟ್ಟದ್ದನ್ನು ಕೆಳಕ್ಕೆ ತಂದಿಡುವುದು ಅವನ ಕೆಲಸ. ಮನೆಯ ಬೀಗದ ಕೈ ಕೊಡಲೆಂದು ಒಂದು ದಿನ ಹೋದ ಅಕ್ಕ ಕಣ್ಣಾರೆ ನೋಡಿದಳು: ನಿವೃತ್ತನಾಗುತ್ತಿದ್ದ ಎಂಜಿನಿಯರೊಬ್ಬ ತನ್ನ ಕಪಾಟನ್ನೆಲ್ಲ ಬಗೆದು ತಂದು ತಮ್ಮನ ಮುಂದೆ ಸುರಿದ. "ಸದ್ಯಕ್ಕೆ ನಿನ್ನ ಹೆಸರಿಗೆ ಬರ್ಕೊಂಡಿರಯ್ಯಾ. ನನ್ನ ಜಾಗಕ್ಕೆ ಬರೋನು ತಗೋತಾನೆ."

ತಮ್ಮ ತಲೆಯಾಡಿಸಿದ. ಬಂದವನು ತೆಗೆದುಕೊಳ್ಳಲಿಲ್ಲ. ಅವನೂ ಹೋಗುವಾಗ ಇನ್ನಷ್ಟು ಸುರಿದು ಹೋದ.

ಚಿಕ್ಕಂದಿನಿಂದಲೂ ಇದೇ ಹಣೆಬರಹ. ಬೀದಿಯ ಹುಡುಗರು ಯಾರದೋ ಕಿಟಕಿ ಒಡೆದು, ಚೆಂಡನ್ನು ಇವನ ಕೈಗೆ ಕೊಟ್ಟು ಓಡುತ್ತಿದ್ದರು. ಇವನು ಚೆಂಡು ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದ. ಕಿಟಕಿಯ ಯಜಮಾನ ಕಿವಿ ಹಿಂಡಿ ಎಳೆದುತಂದಾಗ, "ಅವರು ಹಿಡ್ಕೋ ಅಂದ್ರು ಅಕ್ಕಾ," ಎನ್ನುತ್ತಿದ್ದ.

ಕಾಲ ಉರುಳಿತು. ಕಚೇರಿಗೆ ಸ್ಕ್ಯಾನ್ ಯಂತ್ರಗಳು ಬಂದವು. ಕಾಗದವೆಲ್ಲ ಅವುಗಳ ಹೊಟ್ಟೆಯಿಂದ ಹಾದು ರದ್ದಿಗೆ ಹೋಯಿತು. ಇನ್ನು ಮುಂದೆ ಹುಡುಕಾಟವೆಂಬುದೇ ಇಲ್ಲ ಎಂದು ದೊಡ್ಡವರು ಭಾಷಣ ಮಾಡಿದರು. ಕೆಲವು ವರ್ಷಕ್ಕೆ ಆ ಸಿಸ್ಟಮ್ ಹಳತಾಯಿತು, ಇನ್ನೊಂದು ಬಂತು, ಅದೇ ಭಾಷಣ ಬಂತು. ಅದೂ ಹಳತಾಯಿತು. ಪ್ರತಿ ಸಲವೂ ಎಲ್ಲವನ್ನೂ ಹಳೆಯದರಿಂದ ಹೊಸದಕ್ಕೆ ಹೊತ್ತವನು ತಮ್ಮನೇ.

"ಬಾಡಿಗೆ ಮನೆ ಬದಲಾಯಿಸಿದ ಹಾಗೆ ಅಕ್ಕ," ಎಂದಿದ್ದ ಒಮ್ಮೆ. "ಡಬ್ಬಗಳೆಲ್ಲ ಬಂದುಬಿಡ್ತವೆ. ಒಳಗೆ ಏನಿದೆ ಅಂತ ಅಂಟಿಸಿದ ಚೀಟಿ ಮಾತ್ರ ದಾರೀಲಿ ಉದುರಿಹೋಗಿರುತ್ತೆ."

ಇಷ್ಟು ಹೇಳಿದವನು ಮನೆಯಲ್ಲಿ ಭಾರಿ ಅಚ್ಚುಕಟ್ಟಿನವನು ಎಂದು ಯಾರೂ ತಿಳಿಯಬಾರದು. ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ಮಂಚದ ಕೆಳಗೆ ಹುಡುಕುವ ಪ್ರಾಣಿ ಅವನು. ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಕೆಟ್ಟುಹೋದ ಮಿಕ್ಸಿ, ಒಂಟಿ ಕಾಲುಚೀಲ, ಯಾವ ಬೀಗದ್ದೆಂದು ದೇವರಿಗೇ ಗೊತ್ತಿಲ್ಲದ ಕೀಲಿಕೈಗಳು, ಯಾವುದನ್ನೂ ಎಸೆಯಲು ಬಿಡುತ್ತಿರಲಿಲ್ಲ.

*

"ಈಗ ನನ್ನಿಂದ ಏನಾಗಬೇಕು?" ಎಂದಳು ಅಕ್ಕ. ಮಾತು ಎಲ್ಲಿಗೆ ಹೊರಟಿದೆಯೆಂದು ಅವಳಿಗೆ ಅರೆಬರೆ ಹೊಳೆದಿತ್ತು. ಹೊಳೆದದ್ದು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಿದ್ದಳು.

"ಬೀಗ ತೆಗೆಯೋಕೆ ಓನರೇ ಒಪ್ಪಿಗೆ ಕೊಡಬೇಕು," ಎಂದಳು ಮೇಡಮ್ ಮೆಲ್ಲಗೆ. "ಅವರ ಮೊಬೈಲಿಂದ. ಬೆರಳು ಒತ್ತಿ."

ದರ್ಜಿ ಬಾಟಲಿಯನ್ನು ನೆಲದ ಮೇಲಿಟ್ಟು ಗೋಡೆಗೆ ಒರಗಿದ.

"ಸಿಸ್ಟಮ್ ಮಾಡಿಕೊಟ್ಟ ಕಂಪನಿಯವರಿಗೆ ಹೇಳಿ," ಎಂದಳು ಅಕ್ಕ.

"ಬೆಳಗ್ಗೆಯಿಂದ ಹೇಳ್ತಾನೇ ಇದೀವಿ ಅಮ್ಮಾ. ಅಲ್ಲಿ ಮನುಷ್ಯರು ಸಿಗಲ್ಲ, ಯಂತ್ರನೇ ಉತ್ತರ ಕೊಡುತ್ತೆ. ದಯವಿಟ್ಟು ಓನರ್ ಅವರನ್ನೇ ಸಂಪರ್ಕಿಸಲು ಹೇಳಿ ಅನ್ನುತ್ತೆ."

"ಓನರ್ ಇಲ್ಲೇ ಮಲಗಿದ್ದಾನೆ, ಸಂಪರ್ಕಿಸಿ ಅಂತ ಹೇಳು ಅದಕ್ಕೆ!" ಅಕ್ಕನ ದನಿ ಬೀದಿಗೆ ಕೇಳಿಸಿತು. "ನಿಮಗೆ ಮಾನ ಮರ್ಯಾದೆ ಏನಾದ್ರೂ ಇದೆಯೇನ್ರಪ್ಪಾ? ಬದುಕಿದ್ದಷ್ಟು ದಿನ ಹಿಂಡಿದ್ದು ಸಾಲದೆ, ಸತ್ತವನ ಬೆರಳು ಹಿಡಿದು ಹೆಬ್ಬೆಟ್ಟು ಒತ್ತಿಸ್ಕೊಳ್ಳೋಕೆ ಬಂದ್ರಾ? ಒಂದು ಸಲ, ಒಂದೇ ಒಂದು ಸಲ, ಇವನ ಬಾಯಲ್ಲಿ ಆಗಲ್ಲ ಅನ್ನಿಸಬೇಕು ಅಂತ ಇಡೀ ಜನ್ಮ ಹೆಣಗಿದೆ. ಇವತ್ತು ಅವನ ಪರವಾಗಿ ನಾನು ಹೇಳ್ತೀನಿ. ಆಗಲ್ಲ. ಹೊರಡಿ."

ಮೇನೇಜರು ಹೂವಿನ ಚಕ್ರವನ್ನು ಸರಿಯಿದ್ದರೂ ಒಂದು ಸಲ ಸರಿಪಡಿಸಿದರು.

*

ಹೋದ ತಿಂಗಳು ತಮ್ಮ ಅಕ್ಕನ ಮನೆಗೆ ಬಂದವನು ಚಹಾ ಆರುವವರೆಗೂ ಲೋಟ ಹಿಡಿದು ಕೂತಿದ್ದ. ಕಚೇರಿಗೆ ಬಂದ ಹೊಸ ಯಂತ್ರದ ಮಾತು. ಯಾರೂ ಏನನ್ನೂ ಹುಡುಕಬೇಕಾಗಿಲ್ಲವಂತೆ. ಪ್ರಶ್ನೆ ಕೇಳಿದರೆ ಸಾಕು, ಇದ್ದಬದ್ದ ಕಡತಗಳನ್ನೆಲ್ಲ ತಾನೇ ಓದಿಕೊಂಡು ಉತ್ತರ ಹೇಳುತ್ತದಂತೆ.

"ಏನು ಕೇಳಿದ್ರೂ ಹೇಳುತ್ತೆ ಅಕ್ಕ. ಗೊತ್ತಿಲ್ಲ ಅನ್ನೋದನ್ನ ಮಾತ್ರ ಕಲಿತಿಲ್ಲ."

"ನಿಮ್ಮ ಮೇನೇಜರ್ ಥರ."

ತಮ್ಮ ನಕ್ಕ. ನಕ್ಕು ಮತ್ತೆ ಸಪ್ಪಗಾದ. "ಒಂದೇ ಬೀದಿಗೆ ಹಳೇ ನಕ್ಷೆ ಇದೆ, ತಿದ್ದಿದ್ದಿದೆ, ತಿದ್ದಿದ್ದನ್ನ ಮತ್ತೆ ತಿದ್ದಿದ್ದಿದೆ. ಅದು ಎಲ್ಲಾನೂ ಒಂದೇ ಭಕ್ತಿಯಿಂದ ಓದುತ್ತೆ. ಯಾವುದು ಸತ್ತಿದೆ, ಯಾವುದು ಬದುಕಿದೆ ಅಂತ ಅದಕ್ಕೆ ಯಾರು ಹೇಳಬೇಕು? ಸತ್ತದ್ದನ್ನ ತೆಗೆದುಹಾಕೋಕೆ ಯಾರಾದ್ರೂ ಹೊಣೆ ಹೊತ್ತು ಒಪ್ಪಬೇಕು. ಯಾರೂ ಒಪ್ಪಲ್ಲ."

"ಎಲ್ಲಾ ನಿನ್ನ ಹೆಸರಲ್ಲೇ ಇದೆಯಲ್ಲ. ನೀನೇ ತೆಗೆದುಹಾಕು."

"ತಪ್ಪಿ ಬೇಕಾದ್ದೇ ಹೋಗಿಬಿಟ್ರೆ?"

"ಹಾಗಾದ್ರೆ ಸಾಯಿ," ಎಂದಿದ್ದಳು ಅಕ್ಕ. ಬಾಯಿತಪ್ಪಿ ಬಂದ ಮಾತು. ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುವಂಥದು. ಆಮೇಲೆ ಲೋಟ ಕಿತ್ತುಕೊಂಡು ಚಹಾ ಬಿಸಿಮಾಡಿ ಕೊಟ್ಟಳು. "ಮುಂದೆ ಏನು ಮಾಡ್ತಾರಂತೆ ನಿಮ್ಮೋರು?"

"ಮುಂದೆ ಕಡತ ಅನ್ನೋದೇ ಇರಲ್ವಂತೆ. ಕೇಳೋದು, ಉತ್ತರ ಬರೋದು. ಅಷ್ಟೇ."

"ಉತ್ತರ ತಪ್ಪಾದ್ರೆ ಯಾರ ಕೆನ್ನೆಗೆ ಹೊಡೀಬೇಕು?"

ತಮ್ಮ ಬೆರಳೆತ್ತಿ ತನ್ನ ಕೆನ್ನೆಯನ್ನೇ ತೋರಿಸಿದ್ದ.

*

"ರಾತ್ರಿ ನಿಮ್ಮ ಆ ಹೊಸ ಯಂತ್ರನೇ ಶಾಲೆ ಹತ್ರ ಅಗೀರಿ ಅಂದಿದ್ದಾ?" ಎಂದು ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು.

"ಹೌದಮ್ಮಾ," ಎಂದಳು ಮೇಡಮ್. "ಹಳೇ ನಕ್ಷೆ ಓದಿಬಿಟ್ಟಿದೆ. ವಾಲ್ವನ್ನ ಎಷ್ಟೋ ವರ್ಷದ ಹಿಂದೆ ಬೇರೆ ಕಡೆ ಹಾಕಿದಾರೆ. ಅದನ್ನ ತಿದ್ದಿದ ನಕ್ಷೆನೂ ನಿಮ್ಮ ತಮ್ಮನವರ ಹೆಸರಲ್ಲೇ ಬೀಗದೊಳಗಿದೆ."

ಅಕ್ಕನ ಸಿಟ್ಟು ಈಗ ಚಾಪೆಯ ಮೇಲಿದ್ದವನ ಕಡೆಗೂ ತಿರುಗಿತು. ಹಳೆಯದನ್ನು ಎಸೆಯಲು ಧೈರ್ಯವಿಲ್ಲದೆ ಇಟ್ಟುಕೊಂಡವನೂ ಇವನೇ ಅಲ್ಲವೇ? ಹೆಣವಾದವನನ್ನು ಬೈಯಲೂ ಆಗದ, ಬಿಡಲೂ ಆಗದ ಸಂಕಟದಲ್ಲಿ ಅವಳು ಮೈ ಪರಚಿಕೊಳ್ಳುವಂತಾದಳು.

ಗೋಡೆಯ ಬಳಿಯಿಂದ ನಾದಿನಿಯ ದನಿ ಬಂತು. "ಒತ್ತಿಸಿಬಿಡಿ ಅಕ್ಕ."

"ನೀನೂ ಹೀಗಂತೀಯಾ?"

"ಅವರು ಬದುಕಿದ್ದಿದ್ರೆ ಒತ್ತಿಯಾಗಿರೋದು. ನೀರಿಲ್ಲದ ಮನೆ ನಮ್ಮದೊಂದೇ ಅಲ್ಲ. ಹಿಂದಿನ ಬೀದೀಲಿ ಬಾಣಂತಿ ಇದ್ದಾಳೆ. ನನಗೂ ಇವರನ್ನ ಈ ಅಂಗೀಲಿ ಕಳಿಸೋಕೆ ಮನಸ್ಸಿಲ್ಲ."

ಅಕ್ಕ ತಮ್ಮನ ಜೇಬಿನ ಶಾಯಿಯ ಕಲೆಯನ್ನು ಬೆರಳಿಂದ ಒಮ್ಮೆ ಉಜ್ಜಿದಳು. ಆಮೇಲೆ ಕೈಚಾಚಿದಳು. "ಕೊಡಿ ಅವನ ಮೊಬೈಲು. ನೀವ್ಯಾರೂ ಅವನನ್ನ ಮುಟ್ಟಬೇಡಿ."

ತಮ್ಮನ ತಲೆಯ ಬಳಿ ಮಂಡಿಯೂರಿ ಅವನ ಬಲಗೈಯನ್ನು ಎತ್ತಿಕೊಂಡಳು. ಕೈ ಮರದ ಹಾಗೆ ಬಿಗಿದಿತ್ತು. ಹೆಬ್ಬೆರಳನ್ನು ಗಾಜಿಗೆ ತಾಗಿಸಿದಳು. ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದಿತು ಮೊಬೈಲು. ಮತ್ತೆ ತಾಗಿಸಿದಳು. ಮತ್ತೆ ಅದೇ. "ನಾನೇ ಸಾಕಿದವನು ಕಣೇ, ನಿನಗೇನು ಗುರುತು ಸಿಗದೇ ಇರೋದು?" ಎಂದು ಅದನ್ನು ಗದರಿದಳು. ಆಮೇಲೆ ಆ ಹೆಬ್ಬೆರಳನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟು, ಚಳಿಗಾಲದ ಬೆಳಗುಗಳಲ್ಲಿ ಶಾಲೆಗೆ ಕಳಿಸುವ ಮುಂಚೆ ಉಜ್ಜುತ್ತಿದ್ದಂತೆ ಉಜ್ಜಿದಳು. ಬಾಯಿಯಿಂದ ಬಿಸಿಯುಸಿರು ಊದಿದಳು. ನಾದಿನಿ ಬಿಕ್ಕಿದಳು. ಮೂರನೆಯ ಸಲ ಮೊಬೈಲು ತೆರೆಯಿತು.

ಮೇಡಮ್ ಮುಟ್ಟದೆಯೇ ಬಾಗಿ ನೋಡಿದಳು. "ಅದೇ ಅಮ್ಮಾ, ಆ ಹಸಿರು ಗುಂಡಿ. ಇನ್ನೊಂದು ಸಲ ಬೆರಳು ಒತ್ತಿದ್ರೆ ಆಯ್ತು. ಅದಕ್ಕೆ ಮೊದಲು ಹೊಸ ಓನರ್ ಯಾರು ಅಂತ ಹೆಸರು ಹಾಕಬೇಕು."

"ಹಾಕು."

"ಯಾರದ್ದು?"

ಮೇನೇಜರ ಕಣ್ಣು ಮೇಡಮ್ ಕಡೆಗೇ ಹೊರಳಿತು.

"ನಾನು ಗುತ್ತಿಗೆ ಮೇಲೆ ಇರೋಳು," ಎಂದಳು ಮೇಡಮ್ ತಡಮಾಡದೆ. "ನನ್ನ ಹೆಸರು ಸಿಸ್ಟಮ್ ಒಪ್ಪಲ್ಲ."

"ನಾನು ಹಾಕಿಸ್ಕೋಬಹುದಿತ್ತು," ಎಂದರು ಮೇನೇಜರು, "ಆದರೆ ನನ್ನ ಹಂತಕ್ಕೆ ಅದು ಸರಿ ಹೋಗಲ್ಲ. ಮೇಲಿನೋರು ಆಕ್ಷೇಪ ಮಾಡ್ತಾರೆ. ಒಂದು ಸಮಿತಿ ಮಾಡಬೇಕು." ಅವರು ಹಣೆ ಒರೆಸಿಕೊಂಡರು. ಆಮೇಲೆ ಮುಖ ಅರಳಿತು. "ಒಂದು ಕೆಲಸ ಮಾಡೋಣ. ಅವರ ಸಾವನ್ನ ಸಿಸ್ಟಮ್ಮಿಂದ ವಾಪಸ್ ತಗೊಳ್ಳೋಣ. ತಪ್ಪಾಗಿ ಹತ್ತಿಸಿದ್ದು ಅಂತ ಬರೆದ್ರಾಯ್ತು. ಅದಕ್ಕೂ ಅವರ ಬೆರಳೇ ಸಾಕು. ಸಮಿತಿ ತೀರ್ಮಾನ ಮಾಡೋವರೆಗೂ ಸದ್ಯಕ್ಕೆ ಅವರ ಹೆಸರಿಗೇ ಇರಲಿ. ನೀವು ಮರಣಪತ್ರ ಒಂದಿಷ್ಟು ದಿನ ತಡವಾಗಿ..."

ಅವರು ಮಾತು ಮುಗಿಸಲಿಲ್ಲ. ಅಕ್ಕ ತಮ್ಮನ ಕೈಯನ್ನು ತನ್ನ ಎರಡೂ ಕೈಗಳಿಂದ ಮುಚ್ಚಿ ಎದೆಗೆ ಒತ್ತಿಕೊಂಡಿದ್ದಳು. ಬೈಗುಳ ಗಂಟಲವರೆಗೂ ಬಂದಿತ್ತು. ಆದರೆ ಅವಳು ಮೊದಲು ಮಾತಾಡಿದ್ದು ಮೇನೇಜರ ಜೊತೆಯಲ್ಲ.

"ದೇವರೇ," ಎಂದಳು, ಎದುರಿಗೆ ಕೂತವರೊಬ್ಬರಿಗೆ ಹೇಳುವಂತೆ. "ನೀನು ಕರೆಸಿಕೊಂಡೆ. ನಿನ್ನಿಷ್ಟ, ನಾನು ಚಕಾರ ಎತ್ತಿಲ್ಲ. ಕರೆಸಿಕೊಂಡವನನ್ನ ಪೂರ್ತಿ ಕರೆಸಿಕೋ. ಅರ್ಧ ಇವರ ಹತ್ರ ಬಿಡಬೇಡ."

ಆಮೇಲೆ ಮೂವರ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ನನ್ನ ತಮ್ಮ ಸತ್ತಿದ್ದಾನೆ. ಅದನ್ನ ವಾಪಸ್ ತಗೊಳ್ಳೋದು ನನ್ನ ಕೈಲೂ ಆಗಲಿಲ್ಲ, ನಿಮ್ಮ ಕೈಲೂ ಆಗಲ್ಲ. ನಿಮ್ಮಲ್ಲಿ ಒಬ್ಬರ ಹೆಸರು ಬರಲಿ, ಆಮೇಲೆ ಈ ಕೈ ಬಿಡ್ತೀನಿ. ಬರಲಿಲ್ಲವೋ, ಹೀಗೇ ಕೂತಿರ್ತೀನಿ. ಊರಿಗೆ ನೀರಿಲ್ಲದ ಪಾಪ ನಿಮಗಿರಲಿ, ತಮ್ಮನನ್ನ ತೊಳೀದೆ ಕಳಿಸಿದ ಪಾಪ ನನಗಿರಲಿ. ಇನ್ನೊಂದು ಮಾತು. ಹೊರಗೆ ಶವದ ಪೆಟ್ಟಿಗೆ ಬಂದಿದೆ. ಅದಕ್ಕೆ ಹೆಗಲು ಕೊಡೋಕೆ ನೀವೆಲ್ಲ ನಾ ಮುಂದೆ ತಾ ಮುಂದೆ ಅಂತ ನುಗ್ತೀರಿ, ಗೊತ್ತು. ಅವನ ಭಾರ ಹೊರದೆ ಇರೋರು ಅವನ ಪೆಟ್ಟಿಗೇನೂ ಮುಟ್ಟಬೇಡಿ."

ಮೇನೇಜರ ಮೊಬೈಲು ಮತ್ತೆ ಎಗರಿತು. ಅವರು ಅದರ ಬಾಯಿ ಮುಚ್ಚಿಸಿ ಗೋಡೆ ನೋಡಿದರು. ಮೇಡಮ್ ಬಳೆ ತಿರುವಿದಳು. ಹೊರಗೆ ಬೀದಿಯಲ್ಲಿ ಯಾರೋ ಖಾಲಿ ಕೊಡಗಳನ್ನು ಕುಕ್ಕುತ್ತ ನೀರಿನ ಕಚೇರಿಯವರ ಏಳು ತಲೆಮಾರನ್ನು ಬೈಯುತ್ತ ಹೋದರು.

"ನನ್ನದು ಹಾಕಿ," ಎಂದ ಗುಮಾಸ್ತ.

"ನಿಮ್ಮ ವಿಭಾಗವೇ ಅಲ್ಲ ಇದು," ಎಂದರು ಮೇನೇಜರು. ಆದರೆ ಅವರ ಹೆಗಲುಗಳು ಆಗಲೇ ಹಗುರವಾಗಿ ಇಳಿದಿದ್ದವು.

"ನಾನು ತಾನೆ ಬೆಳಗ್ಗೆ ಮುಚ್ಚಿದ್ದು," ಎಂದ ಅವನು. ಅಷ್ಟು ಹೇಳಿ ಮೂಗು ಸೀಟಿದ. "ಅವರು ನನ್ನ ರಜೆ ಅರ್ಜಿಗಳನ್ನೂ ತಾವೇ ಬರೆದುಕೊಡ್ತಿದ್ರು ಅಮ್ಮಾ."

"ಪುಣ್ಯಾತ್ಮ, ಗೊತ್ತಿದ್ದೂ ಗೊತ್ತಿದ್ದೂ ಬೀಳ್ತಿದ್ದೀಯಲ್ಲೋ," ಎಂದಳು ಅಕ್ಕ. ಅವಳಿಗೆ ಅವನನ್ನು ತಡೆಯಬೇಕೆನಿಸಿತು, ಹೊಗಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ತಮ್ಮನ ಹೆಬ್ಬೆರಳನ್ನು ಬಿಡಿಸಿ, ಕೊನೆಯ ಸಲ ಊದಿ, ಗಾಜಿನ ಮೇಲೆ ಒತ್ತಿದಳು.

ಆಮೇಲಿನದು ಬೇಗ ಬೇಗ ನಡೆಯಿತು. ನಕ್ಷೆ ತೆರೆಯಿತು. ಮೇನೇಜರು ಬೀದಿಗೆ ಓಡಿ, ಅಗೆಯುವವರಿಗೆ ಮೊಬೈಲಿನಲ್ಲಿ ಕೂಗಿ ಕೂಗಿ ಹೇಳಿದರು. ವಾಲ್ವು ಶಾಲೆಯ ಹತ್ತಿರವೂ ಇರಲಿಲ್ಲ, ದೊಡ್ಡ ರಸ್ತೆಯಲ್ಲೂ ಇರಲಿಲ್ಲ. ಅಂಚೆ ಕಚೇರಿಯ ಹಿಂದೆ, ಯಾರೋ ಕಾರು ನಿಲ್ಲಿಸುವ ಜಾಗದ ಕೆಳಗಿತ್ತು. ಮಧ್ಯಾಹ್ನ ಕಳೆದ ಮೇಲೆ ಬಚ್ಚಲಲ್ಲಿ ಬಕೆಟ್ಟು ತುಂಬಿತು. ಮೊದಲು ಬಂದ ಕೆಂಪು ನೀರನ್ನು ಚೆಲ್ಲಿ, ತಿಳಿಯಾದದ್ದನ್ನು ಕಾಯಿಸಿ, ಕೈಯಲ್ಲಿ ಹದ ನೋಡಿ, ಅಕ್ಕ ತಮ್ಮನಿಗೆ ಎರೆದಳು. ಕಿವಿಯ ಹಿಂಭಾಗವನ್ನು ಚಿಕ್ಕಂದಿನಲ್ಲಿ ಉಜ್ಜಿಸಿಕೊಳ್ಳಲು ಅವನು ಕೊಸರಾಡುತ್ತಿದ್ದ. ಈಗ ಕೊಸರಾಡಲಿಲ್ಲ. ಒಗೆದ ಅಂಗಿ ಹಾಕಿ, ಹಣೆಗೂದಲು ಬಾಚಿ, ಬಾಯಿಯೊಳಗೇ ಪ್ರಾರ್ಥನೆ ಹೇಳಿಕೊಂಡಳು.

ಹೊತ್ತು ಇಳಿಯುವಾಗ ಪೆಟ್ಟಿಗೆ ಮನೆಯಿಂದ ಹೊರಟಿತು. ಮುಂದಿನ ಒಂದು ಮೂಲೆಗೆ ದರ್ಜಿ, ಹಿಂದೆ ಬೀದಿಯ ಇಬ್ಬರು. ಇನ್ನೊಂದು ಮುಂದಿನ ಮೂಲೆ ಗುಮಾಸ್ತನ ಸಣಕಲು ಹೆಗಲ ಮೇಲಿತ್ತು. ಮೇನೇಜರು ಎಲ್ಲರಿಗಿಂತ ಮುಂದೆ ಹೋಗುತ್ತ ಮೊಬೈಲಿನಲ್ಲಿ ಮಾತಾಡುತ್ತಿದ್ದರು. ಗಾಳಿಗೆ ಅವರ ಮಾತು ಹಿಂದಕ್ಕೆ ತೇಲಿ ಬರುತ್ತಿತ್ತು. "ಹೌದು ಸಾರ್, ಹೊಸಬರು ಸಿಕ್ಕಿದ್ದಾರೆ... ನಿಮ್ಮ ವಿಭಾಗದ್ದೂ ಇದೆಯಾ? ಕಳಿಸಿ ಸಾರ್, ಅದೂ ಇರಲಿ."

ಗುಮಾಸ್ತನ ತೆಳ್ಳನೆಯ ಬಿಳಿ ಅಂಗಿಯ ಜೇಬಿನಲ್ಲಿ ಮೊಬೈಲಿನ ಬೆಳಕು ಹತ್ತಿತು, ಆರಿತು. ಮತ್ತೆ ಹತ್ತಿತು. ಎರಡೂ ಕೈಗಳಲ್ಲಿ ಪೆಟ್ಟಿಗೆಯ ಹಿಡಿಕೆ ಹಿಡಿದಿದ್ದವನಿಗೆ ಅದನ್ನು ತೆಗೆಯಲಾಗಲಿಲ್ಲ. ಒಮ್ಮೆ ಎಡವಿದ, ಹೆಗಲು ಬದಲಾಯಿಸಲು ಅತ್ತಿತ್ತ ನೋಡಿದ. ಹತ್ತಿರ ಯಾರೂ ಇರಲಿಲ್ಲ.

ಅಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು ಮುಂದಕ್ಕೆ ಹೋಗಿ, ಅವನ ಮೂಲೆಯ ಕೆಳಗೆ ತನ್ನ ಅಂಗೈ ಕೊಟ್ಟಳು. ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆದರು. ಸಂಜೆಗತ್ತಲು ಕವಿಯುತ್ತಿದ್ದ ಬೀದಿಯಲ್ಲಿ, ಅವನ ಎದೆಯ ಮೇಲೆ, ಆ ಬೆಳಕು ಹತ್ತುತ್ತಲೇ ಇತ್ತು.